ಪಿಕಪ್ಪಿನ ಚೀಪೆ ಪರಿಮ್ಮಳ



ಈಗ ನಮ್ಮ ನೆರೆಕರೆಲಿ ಪಿಕಪ್ಪು ಬಾರದ್ದ ಜಾಲು ಇಲ್ಲೆ. ಮದಲು ತಲೆಹೊರೆಲಿಯೋ ಎತ್ತಿನ ಗಾಡಿಲಿಯೋ ಆಗಿಂಡಿದ್ದ ಕೆಲಸ ಎಲ್ಲ ಈಗ ಅದರಲ್ಲೇ ಅಪ್ಪದು. ಅಡಕ್ಕೆ ಗೋಣಿ, ತೆಂಗಿನಕಾಯಿ, ಹಿಂಡಿ, ಬೈಹುಲ್ಲು, ಹಟ್ಟಿಗೊಬ್ಬರ, ಜೆಂಬ್ರ ಇದ್ದರೆ ಅಡಿಗೆಯ ದೊಡ್ಡ ಪಾತ್ರಂಗೊ. ಹಾಂಗಾಗಿ ಪಿಕಪ್ಪಿಲಿ ಎಂತಾರೂ ಒಂದು ಪರಿಮ್ಮಳ ಇಪ್ಪದು ಹೊಸತ್ತಲ್ಲ. ಆದರೆ ಹೇರಿದ ಸಾಮಾನಿಂಗೆ ಸಂಬಂಧವೇ ಇಲ್ಲದ್ದ ಒಂದು ಪರಿಮ್ಮಳ ಇದ್ದು. ಗುಡ್ಡೆ ಹತ್ತಿ ಬಂದು ಗಾಡಿ ಜಾಲಿಲಿ ನಿಂದಪ್ಪಗ ಬೆಲ್ಲದ ಪಾಕ ಒಲೆಲಿ ರಜ ಹೆಚ್ಚು ಹೊತ್ತು ಕೂದ ಹಾಂಗೆ ಚೀಪೆ ಚೀಪೆ ಬತ್ತು. ಅದು ಕೂಲೆಂಟಿಂದು. ಎಂಜಿನಿನ ತಂಪು ಮಾಡ್ಲೆ ಹಾಕುತ್ತವಲ್ಲದ, ಹಸುರೋ ಕೆಂಪೋ ಬಣ್ಣದ ನೀರು, ಅದರದ್ದು.

ಅದರ ಬಗ್ಗೆ ಹೆಮ್ಮಕ್ಕೊಗೆ ಎಂತಕೆ ಬರವದು ಹೇಳಿ ನಿಂಗೊ ಕೇಳುವಿ. ಗಾಡಿಯ ಕೆಲಸ ಗೆಂಡುಮಕ್ಕಳದ್ದಾದಿಕ್ಕು, ಆದರೆ ಪರಿಮ್ಮಳ ಹಿಡಿವ ಕೆಲಸ ಯೇವಗಳೂ ಅಡಿಗೆಮನೆಯವರದ್ದು. ಹಾಲು ಅಡಿ ಹಿಡುದ್ದು, ಗೇಸು ಸೋರುದು, ಅಟ್ಟಲ್ಲಿ ಎಲಿ ಸತ್ತದು – ಎಲ್ಲ ಸುರುವಿಂಗೆ ಗೊಂತಪ್ಪದು ನವಗೇ. ಮತ್ತೆ ಈ ಚೀಪೆ ಪರಿಮ್ಮಳದ ಹಿಂದೆ ಇನ್ನೂರು ವರ್ಷಂದಲೂ ಹೆಚ್ಚಿನ ಒಂದು ಕತೆ ಇದ್ದು. ಅದರಲ್ಲಿ ಕಾರು ಇದ್ದು, ಯುದ್ಧ ಇದ್ದು, ಮಕ್ಕಳ ಮದ್ದಿನ ಕುಪ್ಪಿದೆ ಇದ್ದು. ಕತೆ ಗೊಂತಿದ್ದರೆ ಪರಿಮ್ಮಳ ಬಂದಪ್ಪಗ ನಾವು ಸುಮ್ಮನೆ ಕೂರುತ್ತಿಲ್ಲೆ.

ಸುರುವಿಂಗೆ ಎಂಜಿನಿಂಗೆ ನೀರೆಂತಕೆ ಹೇಳಿ ನೋಡುವೊ°. ಡೀಸೆಲು ಹೊತ್ತಿಯಪ್ಪಗ ಬಪ್ಪ ಬೆಶಿಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾಂತ್ರ ಚಕ್ರ ತಿರುಗುಸುಲೆ ಸಿಕ್ಕುದು. ಒಳುದ್ದರಲ್ಲಿ ರಜ ಹೊಗೆಯೊಟ್ಟಿಂಗೆ ಹೆರ ಹೋವುತ್ತು, ರಜ ಎಂಜಿನಿನ ಕಬ್ಬಿಣಲ್ಲೇ ಒಳಿತ್ತು. ಆ ಬೆಶಿಯ ತೆಗೆಯದ್ದರೆ ಕಬ್ಬಿಣ ಉಬ್ಬಿ ಎಂಜಿನು ಹಿಡುದು ನಿಂಗು. ನೀರು ಎಂಜಿನಿನ ಒಳ ಇಪ್ಪ ಓಣಿಗಳಲ್ಲಿ ಸುತ್ತಿ, ಬೆಶಿಯ ತೆಕ್ಕೊಂಡು, ಎದುರಾಣ ರೇಡಿಯೇಟರಿಂಗೆ ಬಂದು, ಅಲ್ಲಿ ಗಾಳಿಗೆ ಕೊಟ್ಟು, ಪುನಾ ಒಳ ಹೋವುತ್ತು.

ಸುರುವಾಣ ಕಾರುಗಳಲ್ಲಿ ಈ ಸುತ್ತಾಟ ಇತ್ತಿಲ್ಲೆ. ನೀರು ಕೊದಿಗು, ಆವಿ ಆಗಿ ಹೋಕು, ಪುನಾ ಎರೆಕ್ಕು. 1886ರ ಜನವರಿ 29ಕ್ಕೆ ಜರ್ಮನಿಯ ಕಾರ್ಲ್ ಬೆಂಜ್ ಹೇಳುವವ° ತನ್ನ ಮೂರು ಚಕ್ರದ ಗಾಡಿಯ ಪೇಟೆಂಟಿಂಗೆ ಅರ್ಜಿ ಹಾಕಿದ°. ಗಾಡಿ ಆತು, ಆದರೆ ಅದರ ನಂಬಿ ತೆಕ್ಕೊಂಬಲೆ ಜೆನ ಇಲ್ಲೆ. 1888ರ ಆಗಸ್ಟಿಲಿ ಒಂದು ದಿನ ಉದೆಕಾಲಕ್ಕೆ ಅವನ ಹೆಂಡತ್ತಿ ಬೆರ್ತಾ ಬೆಂಜ್, ಗೆಂಡಂಗೆ ಹೇಳದ್ದೆ, ಎರಡು ಮಾಣಿಯಂಗಳ ಕರಕ್ಕೊಂಡು ಆ ಗಾಡಿಲಿ ಹೆರಟವು. ಎಲ್ಲಿಗೆ ಹೇಳಿ ಗ್ರೇಶಿದಿ? ಅಪ್ಪನಮನೆಗೆ! ಮಾನ್‌ಹೈಮಿಂದ ಫೋರ್ಟ್ಸ್‌ಹೈಮಿಂಗೆ, ನೂರು ಕಿಲೋಮೀಟರಿಂದ ಹೆಚ್ಚಿನ ದಾರಿ. ಅಷ್ಟು ದೂರ ಅದರಿಂದ ಮದಲು ಆರೂ ಕಾರಿಲಿ ಹೋದ್ದಿಲ್ಲೆ. ಪೆಟ್ರೋಲ್ ಬಂಕು ಇಲ್ಲದ್ದ ಕಾಲ, ದಾರಿಲಿ ಸಿಕ್ಕಿದ ಮದ್ದಿನ ಅಂಗಡಿಂದ ಎಣ್ಣೆ ತೆಕ್ಕೊಂಡವು. ಎಣ್ಣೆ ಬಪ್ಪ ನಳಿಗೆ ಕಟ್ಟಿದಪ್ಪಗ ಟೊಪ್ಪಿಯ ಪಿನ್ನು ಹಾಕಿ ಬಿಡುಸಿದವು. ಬ್ರೇಕು ಸವದಪ್ಪಗ ಮೆಟ್ಟು ಹೊಲಿವವರ ಹತ್ತರೆ ತೊಗಲು ಹೊಡೆಶಿದವು. ಇನ್ನು ನೀರು – ಅದಂತೂ ದಾರಿ ಉದ್ದಕ್ಕೂ. ಎಲ್ಲಿ ನೀರು ಕಂಡತ್ತೋ ಅಲ್ಲಿ ಗಾಡಿ ನಿಲ್ಲುಸಿ ಎರವದೇ. ಕಸ್ತಲಪ್ಪಗ ಎತ್ತಿದವು. ಕಾರು ಹೇಳುವ ಸಾಮಾನು ಮನೆಬಳಕೆಗೆ ಆವುತ್ತು ಹೇಳಿ ಊರಿಂಗೆ ತೋರ್ಸಿದ್ದು ಈ ಪ್ರಯಾಣ. ಗಾಡಿಯ ದೊಡ್ಡ ಹಸಿವು ಎಣ್ಣೆಯದ್ದಲ್ಲ, ನೀರಿಂದು ಹೇಳಿಯೂ ಅಲ್ಲಿಯೇ ಕಂಡತ್ತು.

ಆ ನೀರಿನ ಒಳುಶಿಗೊಂಡು ಪುನಾ ಪುನಾ ಉಪಯೋಗುಸುವ ಉಪಾಯ ಸುಮಾರು ಹನ್ನೆರಡು ವರ್ಷ ಕಳುದು ಗಟ್ಟಿ ಆತು. 1900ರ ಅಕೇರಿಗೆ ವಿಲ್‌ಹೆಲ್ಮ್ ಮೈಬಾಖ್ ಹೇಳುವ ಎಂಜಿನಿಯರು ಜೇನಿನ ಎರಿಯ ಹಾಂಗೆ ಸಾವಿರಾರು ಸಣ್ಣ ಒಟ್ಟೆಗೊ ಇಪ್ಪ ರೇಡಿಯೇಟರಿನ ಒಂದು ಹೊಸ ಕಾರಿಂಗೆ ಹಾಕಿದ°. ಆ ಕಾರಿಂಗೆ ಒಬ್ಬ ವ್ಯಾಪಾರಿ ತನ್ನ ಮಗಳ ಹೆಸರು ಮಡಗಿದ° – ಮರ್ಸಿಡಿಸ್. ಒಟ್ಟೆಗಳ ಎಡೆಲಿ ಗಾಳಿ, ಸುತ್ತ ನೀರು. ರಜ ನೀರಿಲಿಯೇ ದೊಡ್ಡ ಎಂಜಿನು ತಂಪಾತು. ಈಗಾಣ ಪಿಕಪ್ಪಿನ ಎದುರು ಇಪ್ಪ ರೇಡಿಯೇಟರುದೇ ಆ ಸಂತಾನದ್ದೇ.

ಅಲ್ಲಿಗೆ ಬೇಸಗೆಯ ಕಷ್ಟ ಕಮ್ಮಿ ಆತು. ಚಳಿಗಾಲದ್ದು ಹಾಂಗೇ ಒಳುದತ್ತು. ನಮ್ಮ ಊರಿಲಿ ನೀರು ಮಂಜು ಅಪ್ಪದು ಫ್ರಿಜ್ಜಿಲಿ ಮಾಂತ್ರ. ಅವರ ಊರಿಲಿ ಜಾಲಿಲಿ ನಿಂದ ಗಾಡಿಯ ಒಳವೇ ಅಕ್ಕು. ನೀರು ಮಂಜಾದಪ್ಪಗ ನೂರಕ್ಕೆ 9 ಪಾಲಿನಷ್ಟು ಉಬ್ಬುತ್ತು. ಫ್ರೀಜರಿಲಿ ಮಡಗಿದ ತುಂಬಿದ ಕುಪ್ಪಿ ಒಡವದು ನಿಂಗೊ ನೋಡಿಪ್ಪಿ. ಎರಕದ ಕಬ್ಬಿಣದ ಎಂಜಿನುದೇ ಹಾಂಗೇ ಒಡಗು. ಹಾಂಗಾಗಿ ಕೆಲವು ಜೆನ ಇರುಳು ಒರಗುವ ಮದಲು ನೀರಿನ ಪೂರ ತೆಗದು, ಉದಿಯಪ್ಪಗ ಬೆಶಿನೀರು ಎರಕ್ಕೊಂಡಿತ್ತಿದ್ದವು. ನೀರು ಮಂಜಾಗದ್ದ ಹಾಂಗೆ ಅದಕ್ಕೆ ಎಂತ ಸೇರ್ಸುದು ಹೇಳಿ ನೋಡದ್ದ ಸಾಮಾನೇ ಇಲ್ಲೆ. ಉಪ್ಪಿನ ಜಾತಿಯ ಕ್ಯಾಲ್ಸಿಯಂ ಕ್ಲೋರೈಡು ಹಾಕಿದವು, ಕಬ್ಬಿಣ ತುಕ್ಕು ತಿಂದತ್ತು. ಸೀಮೆಎಣ್ಣೆ ಹಾಕಿ ನೋಡಿದವು. ಸಕ್ಕರೆ, ಜೇನು ಸಾನ ಹಾಕಿದವಿದ್ದವು! ಹೆಚ್ಚಿನವು ಹಾಕಿದ್ದು ಆಲ್ಕೊಹಾಲು. ಅದು ಮಂಜಪ್ಪದರ ತಡೆತ್ತು, ಆದರೆ ಎಂಜಿನು ಬೆಶಿ ಆದ ಹಾಂಗೆ ಹಾರಿ ಹೋವುತ್ತು. ವಾರ ವಾರ ನೋಡಿ ಎರೆಕ್ಕು. ಗ್ಲಿಸರಿನ್ ಹಾರುತ್ತಿಲ್ಲೆ, ಆದರೆ ದಪ್ಪ, ಕ್ರಯವೂ ಹೆಚ್ಚು.

ಈ ಗ್ಲಿಸರಿನ್ ಹೇಳುದೇ ನಮ್ಮ ಚೀಪೆಯ ಬೇರು. 1779ರಲ್ಲಿ ಸ್ವೀಡನಿನ ಕಾರ್ಲ್ ಶೀಲೆ ಹೇಳುವ ಮದ್ದಿನ ಅಂಗಡಿಯವ° ಒಲಿವ್ ಎಣ್ಣೆಯ ಸೀಸದ ಒಂದು ಹೊಡಿಯೊಟ್ಟಿಂಗೆ ಕಾಸಿದಪ್ಪಗ ಚೀಪೆ ಇಪ್ಪ ಒಂದು ದ್ರವ ಸಿಕ್ಕಿತ್ತು. ಗ್ರೀಕ್ ಭಾಷೆಲಿ ಚೀಪೆಗೆ ಗ್ಲುಕುಸ್ ಹೇಳುದು, ಅದರಿಂದ ಮತ್ತೆ ಗ್ಲಿಸರಿನ್ ಹೇಳುವ ಹೆಸರು ಬಂತು. 1856ರಲ್ಲಿ ಫ್ರಾನ್ಸಿನ ಅಡಾಲ್ಫ್ ವುರ್ಟ್ಸ್ ಹೇಳುವ ರಸಾಯನಶಾಸ್ತ್ರಜ್ಞ ಇನ್ನೊಂದು ದ್ರವ ಮಾಡಿದ°. ಗುಣಲ್ಲಿ ಅದು ಗ್ಲಿಸರಿನ್ನಿಂಗೂ ಆಲ್ಕೊಹಾಲಿಂಗೂ ನಡುಗಾಣದ್ದು. ಹಾಂಗಾಗಿ ಎರಡರ ಹೆಸರಿನ ತುಂಡು ಸೇರ್ಸಿ ಗ್ಲೈಕಾಲ್ ಹೇಳಿದ°. ಮಕ್ಕೊಗೆ ಅಜ್ಜ-ಅಜ್ಜಿಯ ಹೆಸರು ಸೇರ್ಸಿ ಮಡುಗುತ್ತವಲ್ಲದ, ಹಾಂಗೆ. ನಾವು ಈಗ ಎಥಿಲೀನ್ ಗ್ಲೈಕಾಲ್ ಹೇಳುದು ಅದಕ್ಕೇ. ಹೆಸರಿಲಿಯೇ ಚೀಪೆ ಇದ್ದು.

ಮತ್ತೆ ಅರುವತ್ತು ವರ್ಷ ಅದರ ಕೇಳುವವು ಇತ್ತಿದ್ದವಿಲ್ಲೆ. ಒಂದನೇ ಮಹಾಯುದ್ಧಲ್ಲಿ ಜರ್ಮನಿಗೆ ಸಿಡಿಮದ್ದು ಮಾಡ್ಲೆ ಗ್ಲಿಸರಿನ್ ಸಾಕಾತಿಲ್ಲೆ, ಬದಲಿಂಗೆ ಗ್ಲೈಕಾಲ್ ಉಪಯೋಗ್ಸಿದವು. ಯುದ್ಧ ಕಳುದ ಮೇಲೆ, 1920ರ ದಶಕಲ್ಲಿ, ಅಮೇರಿಕಲ್ಲಿ ಅದರ ದೊಡ್ಡ ಮಟ್ಟಲ್ಲಿ ಮಾಡ್ಲೆ ಸುರು ಮಾಡಿದವು. 1927ರಲ್ಲಿ ಪ್ರೆಸ್ಟೋನ್ ಹೇಳುವ ಹೆಸರಿಲಿ ಕಾರಿಂಗೆ ಹಾಕುವ ಗ್ಲೈಕಾಲ್ ಅಂಗಡಿಗೆ ಬಂತು. ಬಾಂಬಿಂಗೆ ಹೋದ ಸಾಮಾನು ಕಾರಿನ ಹೊಟ್ಟೆಗೆ ಬಂದದು ಹೀಂಗೆ.

ಮಂಜೇ ಇಲ್ಲದ್ದ ನಮ್ಮ ಊರಿಂಗೆ ಇದೆಂತಕೆ ಹೇಳಿ ಕೇಳಿರೆ, ಕಾರಣ ಎರಡು ಇದ್ದು. ಗ್ಲೈಕಾಲ್ ಮಂಜಾಗದ್ದ ಹಾಂಗೆ ಮಾಂತ್ರ ಅಲ್ಲ, ಬೇಗ ಕೊದಿಯದ್ದ ಹಾಂಗೂ ನೋಡಿಗೊಳ್ತು. ಅದೊಂದನ್ನೇ ಕಾಸಿರೆ ಕೊದಿವದು 197 ಡಿಗ್ರಿಲಿ. ನೀರಿಂಗೆ ಅರ್ಧಕ್ಕರ್ಧ ಸೇರ್ಸಿರೆ 107 ಡಿಗ್ರಿ ಹತ್ತರೆ ಕೊದಿತ್ತು. ರೇಡಿಯೇಟರಿನ ಮುಚ್ಚಲು ಒಳ ಒತ್ತಡ ಕಟ್ಟಿ ಮಡುಗುವ ಕಾರಣ ಇನ್ನೂ ಮೇಲೆ ಹೋವುತ್ತು, ಕುಕ್ಕರಿನ ಹಾಂಗೆ. ಎರಡ್ನೇದು, ಕೂಲೆಂಟಿಲಿ ತುಕ್ಕು ತಡವ ಮದ್ದುಗೊ ಸೇರಿರ್ತು. ಬರೇ ಬಾವಿ ನೀರು ಎರದರೆ ಕಬ್ಬಿಣಕ್ಕೆ ತುಕ್ಕು, ನೀರು ಗಡುಸಾದರೆ ಹಂಡೆಯ ಅಡಿಲಿ ಕಟ್ಟುವ ಹಾಂಗೆ ಬೆಳಿ ಚೆಕ್ಕೆ.

ಇನ್ನು ಪರಿಮ್ಮಳ. ತಣುದಿಪ್ಪಗ ಗ್ಲೈಕಾಲಿಂಗೆ ವಾಸನೆ ಇಲ್ಲೆ ಹೇಳಿಯೇ ಹೇಳ್ಲಕ್ಕು. ಬೆಶಿ ಕಬ್ಬಿಣಕ್ಕೆ ಬಿದ್ದು ಆವಿ ಆದಪ್ಪಗ ಮೂಗಿಂಗೆ ಬಪ್ಪದು. ಇದರ ಬೆಲೆ ಎರಡನೇ ಮಹಾಯುದ್ಧದ ಪೈಲಟುಗೊಕ್ಕೆ ಗೊಂತಿತ್ತು. ಬ್ರಿಟನಿನ ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನು ತಂಪಪ್ಪದು ಗ್ಲೈಕಾಲಿಂದಲೇ. ಶತ್ರುವಿನ ಒಂದು ಗುಂಡು ರೇಡಿಯೇಟರಿಂಗೆ ತಾಗಿರೆ ಸಾಕು, ವಿಮಾನದ ಹಿಂದೆ ಬೆಳಿ ಆವಿಯ ಗೆರೆ ಕಾಂಗು. ಮತ್ತೆ ಎಂಜಿನಿಂಗೆ ಒಳುದ್ದು ಕೆಲವೇ ನಿಮಿಷ. ಅಷ್ಟರಲ್ಲಿ ಇಳಿಯೆಕ್ಕು, ಇಲ್ಲದ್ದರೆ ಹಾರೆಕ್ಕು. ನಮ್ಮ ಪಿಕಪ್ಪು ಆಕಾಶಂದ ಬೀಳ್ತಿಲ್ಲೆ, ಆದರೆ ಘಾಟಿಲಿ ಲೋಡು ಹೇರಿಗೊಂಡಿಪ್ಪಗ ಎಂಜಿನು ಹಿಡುದು ನಿಂದರೆ ಅಲ್ಲಿಯೂ ಜೀವದ ಪ್ರಶ್ನೆಯೇ.

ಎಂಗಳ ಮನೆಯ ಪಿಕಪ್ಪಿನ ವಿಷಯ ಇಲ್ಲಿ ಹೇಳ್ತೆ. ಮಳೆಗಾಲ ಕಳುದು ಅಡಕ್ಕೆ ಕೊಂಡೋಪ ಸಮಯ. ಗಾಡಿಲಿ ಹೋಗಿ ಬಂದರೆ ಚೀಪೆ ಪರಿಮ್ಮಳ. ವರ್ಕ್‌ಶಾಪಿಲಿ ಎರಡು ಸರ್ತಿ ನೋಡಿದವು, ಎಲ್ಲಿಯೂ ಚೆಂಡಿ ಇಲ್ಲೆ, ಎಂತ ಸೋರ್ತಿಲ್ಲೆ ಹೇಳಿ ಕಳುಸಿದವು. ಜಾಲಿಲಿಯೂ ಒಂದು ಹನಿ ಬಿದ್ದಿತ್ತಿಲ್ಲೆ. ಅತ್ತೆ ಮಾಂತ್ರ ಬಿಟ್ಟಿದವಿಲ್ಲೆ. "ಬೆಲ್ಲ ಹೇರದ್ದೆ ಬೆಲ್ಲದ ಪರಿಮ್ಮಳ ಬಪ್ಪದು ಹೇಂಗೆ? ಏವಗ ಬತ್ತು ಹೇಳಿ ಸರೀ ನೋಡಿ" ಹೇಳಿದವು.

ಹಾಂಗೆ ಕೆಲೆಂಡರಿಲಿ ಬರವಲೆ ಸುರು ಮಾಡಿದೆಯೊ°, ಹಾಲಿನ ಲೆಕ್ಕ ಬರೆತ್ತ ಹಾಂಗೆ. ಉದಿಯಪ್ಪಗ ಗಾಡಿ ಸ್ಟಾರ್ಟು ಮಾಡುವಗ ಪರಿಮ್ಮಳ ಇಲ್ಲೆ. ಸಮ ಮಾರ್ಗಲ್ಲಿ ಹೋಪಗ ಇಲ್ಲೆ. ಲೋಡಿಲಿ ಗುಡ್ಡೆ ಹತ್ತಿ ಬಂದು ನಿಲ್ಲುಸಿದಪ್ಪಗ ಇದ್ದು, ಹತ್ತು ನಿಮಿಷ ಕಳುದರೆ ಇಲ್ಲೆ. ಹೆರಾಣ ಗಾಳಿ ಒಳ ಬಪ್ಪ ಹಾಂಗೆ ಗುಬ್ಬಿ ತಿರುಗಿಸಿರೆ ಹೆಚ್ಚು. ಎಂಜಿನು ತಣುದ ಮೇಲೆ ಕೂಲೆಂಟಿನ ಡಬ್ಬಿಗೆ ಮಾರ್ಕರು ಪೆನ್ನಿಲಿ ಒಂದು ಗೆರೆ ಎಳದು ಮಡಗಿದೆಯೊ°. ಎಂಟು ದಿನಲ್ಲಿ ನೀರು ಗೆರೆಂದ ಒಂದು ಬೆರಳು ಕೆಳ ಇಳುದ್ದು. ಅಂಬಗ ಸೋರುದು ಸತ್ಯ. ಸೋರಿದ್ದು ಹೋಪದೆಲ್ಲಿಗೆ? ಇರುಳು ಗಾಡಿಯ ಅಡಿಲಿ ರಟ್ಟು ಹಾಕಿ ಮಡಗಿದೆಯೊ°. ಉದಿಯಪ್ಪಗ ರಟ್ಟು ಒಣಗಿಂಡೇ ಇತ್ತು.

ಕೆಲೆಂಡರಿನ ಲೆಕ್ಕವೇ ದಾರಿ ತೋರ್ಸಿತ್ತು. ಪರಿಮ್ಮಳ ಬಪ್ಪದು ಎಂಜಿನು ತುಂಬ ಬೆಶಿ ಆಗಿ ಒತ್ತಡ ಏರಿಪ್ಪಗ ಮಾಂತ್ರ. ನೆಲಕ್ಕೆ ಬೀಳ್ತಿಲ್ಲೆ ಹೇಳಿರೆ ಬೀಳುವ ಮದಲೇ ಆವಿ ಆವುತ್ತು. ಹಾಂಗಾರೆ ಅದು ಬೀಳುದು ಯೇವದೋ ಬೆಶಿ ಜಾಗೆಗೆ. ಗಾಡಿ ತಣುದ ಮೇಲೆ, ಕಸ್ತಲೆಲಿ, ಟಾರ್ಚು ಹಿಡ್ಕೊಂಡು ಹೊಗೆ ಹೋಪ ಪೈಪಿನ ಸುರುವಿಂದ ನೋಡಿಗೊಂಡು ಬಂದೆಯೊ°. ಎಂಜಿನಿನ ಹಿಂದೆ, ಕೈ ಹಾಕಲೂ ಕಷ್ಟ ಇಪ್ಪಲ್ಲಿ, ಕೇಬಿನಿನ ಹೀಟರಿಂಗೆ ಹೋಪ ಒಂದು ರಬ್ಬರು ಪೈಪು ಇದ್ದು. ಅದರ ಕ್ಲಿಪ್ಪಿನ ಅಡಿಲಿ ಉಪ್ಪು ಕಟ್ಟಿದ ಹಾಂಗೆ ಬೆಳಿ-ಹಸುರು ಚೆಕ್ಕೆ. ಅದರ ಸರೀ ಕೆಳವೇ ಹೊಗೆಯ ಪೈಪು, ಅದರ ಮೇಗೆ ಕಲೆಯ ಒಂದು ಗೆರೆ. ಗುಡ್ಡೆ ಹತ್ತುವಗ ಒತ್ತಡಕ್ಕೆ ಒಂದೊಂದೇ ಹನಿ ಹೆರ ಬಕ್ಕು, ಕೆಂಡದ ಹಾಂಗಿಪ್ಪ ಪೈಪಿಂಗೆ ಬಿದ್ದು ಚುಂಯ್ ಹೇಳಿ ಹಾರುಗು. ಗಾಡಿ ಓಡುವಗ ಗಾಳಿ ಅದರ ಕೊಂಡೋಕು, ನಿಂದಪ್ಪಗ ಆ ಆವಿ ಗ್ಲಾಸಿನ ಬುಡಲ್ಲಿಪ್ಪ ಗಾಳಿ ದಾರಿಲಿ ಕೇಬಿನಿನ ಒಳ ಬಕ್ಕು. ವರ್ಕ್‌ಶಾಪಿಂಗೆ ಎತ್ತುವಗ ಎಲ್ಲ ಒಣಗಿ ಆಗಿರ್ತು, ಅವಕ್ಕೆ ಕಾಂಬದು ಹೇಂಗೆ? ಪೈಪಿನ ಆ ತುಂಡುದೆ ಕ್ಲಿಪ್ಪುದೆ ಹೊಸತ್ತು ಹಾಕಿದವು. ಮತ್ತೆ ಗೆರೆಂದ ನೀರು ಇಳುದ್ದಿಲ್ಲೆ, ಪರಿಮ್ಮಳವೂ ಬಯಿಂದಿಲ್ಲೆ.

ಬೇರೆ ಗಾಡಿಲಿ ಜಾಗೆ ಬೇರೆ ಇಕ್ಕು. ಕೇಬಿನಿನ ಒಳವೇ ಪರಿಮ್ಮಳ ಇದ್ದು, ಕಾಲಡಿಯ ಮೇಟು ಚೆಂಡಿ, ಎದುರಾಣ ಗ್ಲಾಸಿನ ಒಳಮೈಲಿ ಎಣ್ಣೆ ಪಸೆಯ ಹಾಂಗೆ ಮಸುಕು ಕಟ್ಟುತ್ತು ಹೇಳಿಯಾದರೆ ಹೀಟರಿನ ಒಳ ಸೋರ್ತು. ಎದುರಾಣ ಹೊಡೆಲಿ ಚೆಂಡಿ ಇದ್ದರೆ ರೇಡಿಯೇಟರು. ಎಂಜಿನಿನ ಎದುರು, ನೀರಿನ ಪಂಪಿನ ಅಡಿಲಿ ಸಣ್ಣ ಒಟ್ಟೆ ಇರ್ತು, ಅಲ್ಲಿ ಚೆಕ್ಕೆ ಕಟ್ಟಿರೆ ಪಂಪಿನ ಆಯುಸ್ಸು ಮುಗುತ್ತು ಹೇಳಿ ಲೆಕ್ಕ. ಹೊಗೆ ಕೊಳವೆಂದ ಬೆಳಿ ಹೊಗೆ ನಿಲ್ಲದ್ದೆ ಬಂದು ಅದಕ್ಕೇ ಚೀಪೆ ಪರಿಮ್ಮಳ ಇದ್ದರೆ, ನೀರು ಎಂಜಿನಿನ ಒಳ ಹೋಗಿ ಬೇವ ಲಕ್ಷಣ. ಅಂಬಗ ಗಾಡಿ ಓಡುಸುಲಾಗ. ಎಂತದೇ ಆದರೂ ಬೆಶಿ ಇಪ್ಪಗ ರೇಡಿಯೇಟರಿನ ಮುಚ್ಚಲು ತೆಗವಲಾಗ, ಕುಕ್ಕರಿನ ಹಾಂಗೆ ಮೋರಗೆ ರಟ್ಟುಗು.

ಗಾಡಿಯ ಕತೆ ಇಲ್ಲಿಗೆ ಆತು. ಮನೆಯ ಕತೆ ಒಳುದ್ದು. ಅದು ಇದರಿಂದಲೂ ದೊಡ್ಡದು.

ಚೀಪೆ ಪರಿಮ್ಮಳದ ಈ ನೀರು ವಿಷ. ನಾಲಗೆಗೂ ಚೀಪೆಯೇ, ಹಾಂಗಾಗಿಯೇ ಹೆಚ್ಚು ಅಪಾಯ. ನೆಲಕ್ಕೆ ಬಿದ್ದರೆ ನಾಯಿ, ಪುಚ್ಚೆ ನಕ್ಕುತ್ತವು, ಬಣ್ಣ ನೋಡಿ ಮಕ್ಕೊ ಶರಬತ್ತು ಹೇಳಿ ಗ್ರೇಶುತ್ತವು. ಹತ್ತು ಕಿಲೋ ತೂಕದ ಒಂದು ಬಾಬೆಯ ಜೀವ ತೆಗವಲೆ ಒಂದೆರಡು ದೊಡ್ಡ ಚಮಚ ಸಾಕು. ಕುಡುದ ಕೂಡ್ಳೆ ಎಂತದೂ ಕಾಣದ್ದಿಕ್ಕು. ಮತ್ತೆ ಅಮಲು ಬಂದವರ ಹಾಂಗೆ ತೂಂಕುದು, ವಾಂತಿ. ಒಂದೆರಡು ದಿನಲ್ಲಿ ಉಚ್ಚು ಕಟ್ಟುತ್ತು.

ಒಳ ಎಂತ ಆವುತ್ತು ಹೇಳುದರ ನವಗೆ ಕೆಸವಿನ ಸೊಪ್ಪು ಹೇಳಿಕೊಡುಗು. ಕೆಸವು ಬಾಯಿಲಿ ತೊರುಸುದು ಎಂತಕೆ? ಅದರ ಒಳ ಕ್ಯಾಲ್ಸಿಯಂ ಆಕ್ಸಲೇಟು ಹೇಳುವ ಸೂಜಿಯ ಹಾಂಗಿಪ್ಪ ಹರಳುಗೊ ಇದ್ದು. ಅದಕ್ಕೇ ಪತ್ರಡೆಗೆ ಹುಳಿ ಹಾಕಿ ಲಾಯಕ ಬೇಶುದು. ಗ್ಲೈಕಾಲ್ ಹೊಟ್ಟೆಗೆ ಹೋದರೆ ನಮ್ಮ ಮೈಯೇ, ಲಿವರಿಲಿ, ಅದರ ಹಂತ ಹಂತವಾಗಿ ಆಕ್ಸಾಲಿಕ್ ಆಮ್ಲ ಮಾಡ್ತು. ಅದು ರಕ್ತಲ್ಲಿಪ್ಪ ಕ್ಯಾಲ್ಸಿಯಮಿಂಗೆ ಸೇರಿ ಅದೇ ಕ್ಯಾಲ್ಸಿಯಂ ಆಕ್ಸಲೇಟು ಹರಳಾಗಿ ಕಿಡ್ನಿಲಿ ಕೂರ್ತು. ಬಾಯಿಯ ತೊರಿಕೆಗೆ ಹುಳಿ ಇದ್ದು, ಕಿಡ್ನಿಗೆ ಇಲ್ಲೆ. ಆಸ್ಪತ್ರೆಲಿ ಈ ಬದಲಾವಣೆಯ ತಡವ ಮದ್ದು ಇದ್ದು, ಡಯಾಲಿಸಿಸ್ ಇದ್ದು. ಆದರೆ ಅದು ಬೇಗ ಹೋದವಕ್ಕೆ ಮಾಂತ್ರ.

ಇದರದ್ದೇ ತಂಗೆ ಒಂದು ಇದ್ದು – ಡೈಎಥಿಲೀನ್ ಗ್ಲೈಕಾಲ್. ಅದುದೇ ಚೀಪೆ, ಅದುದೇ ಕಿಡ್ನಿಗೆ ವಿಷ. ಅದು ಮದ್ದಿನ ಕುಪ್ಪಿಗೆ ಹೊಕ್ಕ ಕತೆ 1937ರದ್ದು. ಅಮೇರಿಕದ ಒಂದು ಮದ್ದಿನ ಕಂಪೆನಿ, ಗೆಂಟಲು ಬೇನೆಗೆ ಕೊಡುವ ಸಲ್ಫನಿಲಮೈಡು ಮಾತ್ರೆಯ ಮಕ್ಕೊಗೂ ಕುಡಿವಲಪ್ಪ ಹಾಂಗೆ ದ್ರವ ಮಾಡ್ಲೆ ಹೆರಟತ್ತು. ಈ ದ್ರವಲ್ಲಿ ಅದು ಲಾಯಕ ಕರಗಿತ್ತು, ರಾಸ್ಪ್‌ಬೆರಿ ಹಣ್ಣಿನ ಪರಿಮ್ಮಳ ಸೇರ್ಸಿದವು. ರುಚಿ ನೋಡಿದವು, ಬಣ್ಣ ನೋಡಿದವು, ಪರಿಮ್ಮಳ ನೋಡಿದವು. ಜೀವಕ್ಕೆ ಎಂತ ಮಾಡ್ತು ಹೇಳಿ ನೋಡಿದ್ದವಿಲ್ಲೆ. 105 ಜೆನ ಸತ್ತವು, ಅದರಲ್ಲಿ 34 ಮಕ್ಕೊ. ಒಳುದ ಕುಪ್ಪಿಗಳ ಹುಡ್ಕುಲೆ ಸರಕಾರದ ಇನ್ಸ್‌ಪೆಕ್ಟರುಗೊ ಮನೆ ಮನೆಗೆ ಹೋದವು. ಅಂದ್ರಾಣ ಕಾನೂನಿಲಿ ವಿಷ ಮಾರಿದ್ದಕ್ಕೆ ಹಿಡಿವಲೆ ದಾರಿಯೇ ಇತ್ತಿಲ್ಲೆ. ಆಲ್ಕೊಹಾಲು ಇಲ್ಲದ್ದರ ಎಲಿಕ್ಸಿರ್ ಹೇಳಿ ತಪ್ಪು ಹೆಸರಿಲಿ ಮಾರಿದ್ದಕ್ಕೆ ಮಾಂತ್ರ ಹಿಡಿವಲೆಡಿಗಾತು. ಮಗಳ ಕಳಕ್ಕೊಂಡ ಒಂದು ಅಬ್ಬೆ ಅಧ್ಯಕ್ಷ ರೂಸ್‌ವೆಲ್ಟಂಗೆ ಕಾಗದ ಬರದತ್ತು. ಮರುವರ್ಷ, 1938ರ ಜೂನಿಲಿ, ಮದ್ದು ಮಾರುವ ಮದಲು ಅದರಿಂದ ಅಪಾಯ ಇಲ್ಲೆ ಹೇಳಿ ತೋರುಸೆಕ್ಕು ಹೇಳುವ ಕಾನೂನು ಬಂತು.

ಸತ್ತದು ಎಂತರಿಂದ ಹೇಳಿ ಷಿಕಾಗೊ ವಿಶ್ವವಿದ್ಯಾಲಯಲ್ಲಿ ಪ್ರಯೋಗ ಮಾಡಿದವರ ಪೈಕಿ ಒಂದು ಕೂಸು, ಫ್ರಾನ್ಸೆಸ್ ಓಲ್ಡಮ್. ಮದುವೆ ಆದ ಮೇಲೆ ಕೆಲ್ಸಿ. ಅದೇ ಫ್ರಾನ್ಸೆಸ್ ಕೆಲ್ಸಿ 1960ರಲ್ಲಿ ಸರಕಾರದ ಮದ್ದಿನ ಇಲಾಖೆಗೆ ಸೇರಿ, ಥಾಲಿಡೊಮೈಡ್ ಹೇಳುವ ಮದ್ದಿಂಗೆ ಒಪ್ಪಿಗೆ ಕೊಡದ್ದೆ ಹಟ ಹಿಡುದತ್ತು. ಯುರೋಪಿಲಿ ಆ ಮದ್ದು ತೆಕ್ಕೊಂಡ ಬಸರಿಯಕ್ಕೊಗೆ ಸಾವಿರಾರು ಮಕ್ಕೊ ಕೈಕಾಲು ಸರಿ ಇಲ್ಲದ್ದೆ ಹುಟ್ಟಿದವು. ಅಮೇರಿಕಲ್ಲಿ ಆ ಸಂಕಟ ದೊಡ್ಡ ಮಟ್ಟಿಂಗೆ ತಪ್ಪಿತ್ತು.

ಕಾನೂನು ಬಂದು ಚೀಪೆ ವಿಷ ನಿಂದತ್ತೋ? ಇಲ್ಲೆ. 1986ರಲ್ಲಿ ಬೊಂಬಾಯಿಯ ಜೆ.ಜೆ. ಆಸ್ಪತ್ರೆಲಿ ಮದ್ದಿನ ಗ್ಲಿಸರಿನ್ನಿಲಿ ಇದೇ ವಿಷ ಸೇರಿ 14 ಜೆನ ತೀರಿಗೊಂಡವು. 2022ರಲ್ಲಿ ಆಫ್ರಿಕದ ಗಾಂಬಿಯಲ್ಲಿ ಸುಮಾರು 70 ಮಕ್ಕೊ ಕಿಡ್ನಿ ಹೋಗಿ ಸತ್ತವು. ನಮ್ಮ ದೇಶಲ್ಲಿ ತಯಾರಾದ ಸಿರಪ್ಪುಗಳಲ್ಲಿ ಗ್ಲೈಕಾಲ್ ಇದ್ದು ಹೇಳಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟತ್ತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಲ್ಲಿ ಕೆಮ್ಮಿನ ಸಿರಪ್ಪು ಕುಡುದ ಇಪ್ಪತ್ತಕ್ಕಿಂತ ಹೆಚ್ಚು ಮಕ್ಕೊ ಸತ್ತವು. ಆ ಸಿರಪ್ಪಿನ ಪರೀಕ್ಷೆ ಮಾಡಿದಪ್ಪಗ ನೂರಕ್ಕೆ 48.6 ಪಾಲು ಡೈಎಥಿಲೀನ್ ಗ್ಲೈಕಾಲ್! ಕಾರಣ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ. ಸಿರಪ್ಪಿಂಗೆ ಹಾಕೆಕ್ಕಾದ್ದು ಗ್ಲಿಸರಿನ್ನೋ ಪ್ರೊಪಿಲೀನ್ ಗ್ಲೈಕಾಲೋ. ಈ ವಿಷಕ್ಕೆ ಕ್ರಯ ಕಮ್ಮಿ, ನೋಡ್ಲೆ ಅದೇ ಹಾಂಗೆ, ರುಚಿಲಿಯೂ ಚೀಪೆ. ಕುಪ್ಪಿಗೆ ತುಂಬುಸುವ ಮದಲು ಪರೀಕ್ಷೆ ಮಾಡದ್ದರೆ ಕಣ್ಣಿಂಗೂ ನಾಲಗೆಗೂ ಗೊಂತಾವುತ್ತಿಲ್ಲೆ. ಕೇಂದ್ರ ಸರಕಾರ ಅಂಬಗ ಹೇಳಿದ್ದು ನೆಂಪಿಲಿ ಮಡುಗೆಕ್ಕಾದ್ದು: ಎರಡು ವರ್ಷ ಆಗದ್ದ ಮಕ್ಕೊಗೆ ಕೆಮ್ಮು-ಶೀತದ ಸಿರಪ್ಪು ಕೊಡ್ಲಾಗ, ಐದು ವರ್ಷದ ಒಳಾಣವಕ್ಕೂ ಸಾಮಾನ್ಯಕ್ಕೆ ಬೇಡ. ನಮ್ಮ ಅಜ್ಜಿಯಕ್ಕಳ ಶುಂಠಿ ಕಷಾಯ, ಬೆಶಿನೀರು, ಬೆನ್ನು ತಟ್ಟಿ ಒರಗುಸುದು – ಅದರಲ್ಲಿ ಸುಮಾರು ಕೆಮ್ಮು ತನ್ನಷ್ಟಕ್ಕೇ ಹೋಕು. ಉಸುಲು ಕಟ್ಟಿರೆ, ಜ್ವರ ಬಿಡದ್ದರೆ ಡಾಕ್ಟ್ರ ಹತ್ತರಂಗೆ.

ಚೀಪೆಯ ಸೋಲುಸುಲೆ ಕೈಕ್ಕೆಯ ತಂದವೂ ಇದ್ದವು. 1958ರಲ್ಲಿ ಸ್ಕಾಟ್ಲೆಂಡಿಲಿ, ಹಲ್ಲು ತೆಗವಗ ಮರಗಟ್ಟುಸುವ ಮದ್ದಿನ ಜಾತಿಲಿ ಹೊಸತ್ತು ಹುಡ್ಕುವಗ, ಡೆನಟೋನಿಯಂ ಹೇಳುವ ವಸ್ತು ಸಿಕ್ಕಿತ್ತು. ಲೋಕಲ್ಲಿ ಇದರಷ್ಟು ಕೈಕ್ಕೆ ಇನ್ನೊಂದಿಲ್ಲೆ ಹೇಳಿ ಹೆಸರು. ಹಾಗಲಕಾಯಿ ಅದರೆದುರು ಪಾಯಸ. ಕೂಲೆಂಟಿಂಗೆ ಅದರ ರವಷ್ಟು ಸೇರ್ಸಿರೆ ಮಕ್ಕೊ ಬಾಯಿಗೆ ಹಾಕಿದ್ದರ ಉಗುಳುಗು. ಅಮೇರಿಕದ ಕೆಲವು ರಾಜ್ಯಂಗೊ ಇದರ ಸೇರುಸೆಕ್ಕು ಹೇಳಿ ಕಾನೂನು ಮಾಡಿದವು, 2012ರಲ್ಲಿ ಅಲ್ಲಿಯಾಣ ತಯಾರಕರು ಎಲ್ಲ ರಾಜ್ಯಲ್ಲಿಯೂ ಸೇರುಸುತ್ತೆಯೊ° ಹೇಳಿ ಒಪ್ಪಿದವು. ಗ್ಲೈಕಾಲಿನ ಬದಲು ವಿಷ ಕಮ್ಮಿ ಇಪ್ಪ ಪ್ರೊಪಿಲೀನ್ ಗ್ಲೈಕಾಲಿನ ಕೂಲೆಂಟುದೇ ಇದ್ದು. ಡಬ್ಬಿ ತಪ್ಪಗ ಲೇಬಲು ಓದುದು ಒಳ್ಳೆದು. ಬಣ್ಣ ನೋಡಿ ಎಂತದೂ ತಿಳಿಯ, ಹಸುರು, ಕೆಂಪು, ಕೇಸರಿ ಎಲ್ಲ ಹಾಕಿದ ಬಣ್ಣವೇ.

ಇನ್ನು ಮನೆಲಿ ಮಾಡೆಕ್ಕಾದ್ದು. ಒಳುದ ಕೂಲೆಂಟಿನ ಕುಡಿವ ನೀರಿನ ಬಾಟ್ಲಿಗೆ ಎರದು ಮಡುಗುಲಾಗ. ಗೆಂಡುಮಕ್ಕೊ ಕೂಲೆಂಟಿನ ಹಾಂಗೆ ತಂದರೆ ಕೂಡ್ಳೆ ಹಿಂದೆ ಕಳುಸಿ. ಅದರ ಡಬ್ಬಿಲಿಯೇ, ಮುಚ್ಚಲು ಗಟ್ಟಿ ಹಾಕಿ, ಕೀಟನಾಶಕ ಮಡುಗುವಲ್ಲಿ ಬೀಗ ಹಾಕಿ ಮಡುಗೆಕ್ಕು. ಹಟ್ಟಿಯ ಮಾಡಿಲಿ ಬೇಡ, ಕಂಜಿ ಇಪ್ಪಲ್ಲಿ ಅಂತೂ ಬೇಡ. ಜಾಲಿಂಗೆ ಚೆಲ್ಲಿರೆ ಬೂದಿಯೋ ಹೊಯಿಗೆಯೋ ಹಾಕಿ ಹೀರುಸಿ, ಗೋರಿ ತೆಗದು, ಮತ್ತೆ ತುಂಬ ನೀರು ಹಾಕಿ ತೊಳೆಯೆಕ್ಕು, ಅಷ್ಟು ಹೊತ್ತು ನಾಯಿಯ ಕಟ್ಟಿ ಮಡುಗಿ. ಹಳೆ ಕೂಲೆಂಟಿನ ತೋಟದ ಕಣಿಗೆ ಬಿಡ್ಲಾಗ, ವರ್ಕ್‌ಶಾಪಿಲಿಯೇ ಬಿಟ್ಟಿಕ್ಕಿ ಬರಳಿ. ಆರಾರೂ ಕುಡುದ ಸಂಶಯ ಬಂದರೆ ಹುಷಾರಿಲಿ ಇದ್ದವನ್ನೇ ಹೇಳಿ ಕಾವದಲ್ಲ. ವಾಂತಿ ಮಾಡುಸುಲೆ ಹೆರಡದ್ದೆ, ಡಬ್ಬಿಯನ್ನೂ ಹಿಡ್ಕೊಂಡು ಸೀದ ದೊಡ್ಡ ಆಸ್ಪತ್ರೆಗೆ ಹೋಯೆಕ್ಕು. ಡಾಕ್ಟ್ರಕ್ಕೊಗೆ ಹೆಸರು ಗೊಂತಾದರೆ ಒಂದು ಗಂಟೆ ಒಳಿತ್ತು, ಈ ವಿಷಲ್ಲಿ ಒಂದು ಗಂಟೆಗೆ ತುಂಬ ಬೆಲೆ ಇದ್ದು.

1779ರಿಂದ ಇಂದಿನವರೇಂಗೆ ನೋಡಿರೆ ಈ ಕತೆಲಿ ಪುನಾ ಪುನಾ ಕಾಂಬದು ಒಂದೇ: ಚೀಪೆ ಇದ್ದದರ ನಾವು ಬೇಗ ನಂಬುತ್ತು. ಜೀವ ಒಳುದ್ದು ನಂಬದ್ದೆ ಮೂಸಿ ನೋಡಿದವರಿಂದ, ಕಾಗದ ಬರದವರಿಂದ, ಒಪ್ಪಿಗೆ ಹಾಕದ್ದೆ ಕೂದವರಿಂದ. ಹಾಂಗಾಗಿ ಪಿಕಪ್ಪು ಜಾಲಿಂಗೆ ಬಂದಪ್ಪಗ ಬೆಲ್ಲ ಇಲ್ಲದ್ದೆ ಬೆಲ್ಲದ ಪರಿಮ್ಮಳ ಬಂದರೆ, "ಎಂತ ಇಲ್ಲೆ, ನಿನ್ನ ಭ್ರಮೆ" ಹೇಳಿ ಆರು ಹೇಳಿರೂ ಬಿಡೆಡಿ. ಡಬ್ಬಿಗೆ ಒಂದು ಗೆರೆ ಎಳೆರಿ, ಕೆಲೆಂಡರಿಲಿ ಬರೆರಿ. ನಿಂಗಳ ಮನೆ ಗಾಡಿಲಿ ಪರಿಮ್ಮಳ ಎಲ್ಲಿಂದ ಬಂದದು ಹೇಳಿ ಸಿಕ್ಕಿರೆ ಎಂಗೊಗೂ ತಿಳುಶಿ, ಇನ್ನೊಂದು ಮನೆಯವಕ್ಕೆ ಉಪಕಾರ ಅಕ್ಕು.